ಟ್ರಾಂಬೆಯ ಉದ್ದಿನಲ್ಲಿ ವಿಕಿರಣ ಉಳಿದಿರುತ್ತದೆಯೇ? ಹೊಸ ತಳಿಯ ಬೇಳೆಯಲ್ಲಿ ಸತ್ವ ಹೆಚ್ಚೇ?

ಉಳಿದಿರುವುದಿಲ್ಲ, ಇಡ್ಲಿಯನ್ನು ಧಾರಾಳವಾಗಿ ಮಾಡಿರಿ. ಮುಂಬಯಿಯ ಚೆಂಬೂರಿನ ಕಿರಾಣಿ ಅಂಗಡಿಯವರು "ಇದು ಇಲ್ಲೇ ಟ್ರಾಂಬೆಯ ಅಣುಕೇಂದ್ರದಲ್ಲಿ ಹುಟ್ಟಿದ ಉಡೀದ್" ಎಂದು ಹೇಳಿದ ಮೇಲೆ ಮಗುವಿಗೆ ಉದ್ದಿನ ತಿಂಡಿ ಕೊಡುವುದನ್ನೇ ನಿಲ್ಲಿಸಿದ್ದೀರೆಂದು ಬರೆದಿದ್ದೀರಿ. ಅದು ಸುರಕ್ಷಿತವೇ, ಹೊಸ ತಳಿಗಳಲ್ಲಿ ಪ್ರೋಟೀನ್ ಮತ್ತು ಕಬ್ಬಿಣ ಹೆಚ್ಚಿರುತ್ತವೆಯೇ, ಅಂಗಡಿಯಲ್ಲಿ ಯಾವ ತಳಿಯನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗಳನ್ನೂ ಕೇಳಿದ್ದೀರಿ. ನಾನು ವಿಜಯಪುರದ ಕಡೆಯವನು. ಪುಣೆಯ ಸುತ್ತಲಿನ ಪ್ರಯೋಗದ ತಾಕುಗಳಲ್ಲಿ ಬೇಳೆಕಾಳುಗಳ ತಳಿ ಅಭಿವೃದ್ಧಿಯ ಕೆಲಸ ಮಾಡಿ ನಿವೃತ್ತನಾದವನು. ಆ ಅನುಭವದಿಂದ ಬರೆಯುತ್ತಿದ್ದೇನೆ.

ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಹೊಸ ತಳಿ ಪಡೆಯಲೆಂದು ಬೀಜಕ್ಕೆ ಹಾಯಿಸುವುದು ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ ಹೊರಸೂಸುವ ಗಾಮಾ ಕಿರಣವನ್ನು. ಅದು ಬೀಜದೊಳಗಿನ ಡಿಎನ್‌ಎ ಎಳೆಗಳನ್ನು ಅಲ್ಲಲ್ಲಿ ತುಂಡರಿಸುತ್ತದೆಯೇ ಹೊರತು ಬೀಜವನ್ನೇ ವಿಕಿರಣಶೀಲವಾಗಿಸುವಷ್ಟು ಶಕ್ತಿ ಅದಕ್ಕಿಲ್ಲ. ಎಕ್ಸ್-ರೇ ತೆಗೆಸಿಕೊಂಡು ಮನೆಗೆ ಬಂದವರು ಮನೆಮಂದಿಗೆ ವಿಕಿರಣ ಹಂಚುವುದಿಲ್ಲವಷ್ಟೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಿಮ್ಮ ಡಬ್ಬಿಯಲ್ಲಿರುವ ಕಾಳಿಗೆ ಯಾರೂ ಕಿರಣ ಹಾಯಿಸಿಲ್ಲ. ಮಹಾರಾಷ್ಟ್ರದ ಹೊಲಗಳಲ್ಲಿ ಬಹುಕಾಲ ಮೆರೆದ ಟಿಎಯು-1 ಎಂಬ ಉದ್ದಿನ ತಳಿ 1985ರಲ್ಲಿ ಬಿಡುಗಡೆಯಾಯಿತು. ಹೆಸರಿನಲ್ಲಿರುವುದು ಟ್ರಾಂಬೆ, ಮಹಾರಾಷ್ಟ್ರದ ಅಕೋಲಾ ಮತ್ತು ಉಡೀದ್, ಅಂದರೆ ಉದ್ದು. ಕಿರಣ ಹಾಯಿಸಿದ್ದು ಅದರ ಪೂರ್ವಜನಿಗೆ. ಹಾಗೆ ದೊರೆತ ಯುಎಂ-196 ಎಂಬ ದಪ್ಪಕಾಳಿನ ಗಿಡವನ್ನು ಟಿ-9 ಎಂಬ ಹಳೆಯ ತಳಿಯೊಂದಿಗೆ ಅಡ್ಡಹಾಯಿಸಿ (ಸಂಕರ ಮಾಡಿ), ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತಾ ಟಿಎಯು-1 ಅನ್ನು ಪಡೆದರು. ಅಲ್ಲಿಂದೀಚೆಗೆ ಬೀಜದಿಂದ ಬೀಜವಾಗಿ ಎಲ್ಲ ಬೆಳೆಗಳಂತೆಯೇ ಅದು ಮುಂದುವರಿದಿದೆ.

ಕಿರಣ ಹಾಯಿಸುವ ಕೆಲಸ ಕೆಲವು ನಿಮಿಷಗಳದ್ದು, ಆರಿಸುವ ಕೆಲಸ ವರ್ಷಗಳದ್ದು. ಹೆಚ್ಚಿನ ಬದಲಾವಣೆಗಳು ಮೊದಲ ಪೀಳಿಗೆಯಲ್ಲಿ ಅಡಗಿಯೇ ಇರುತ್ತವೆ. ಬದಲಾದ ವಂಶವಾಹಿಯ ಎರಡೂ ಪ್ರತಿಗಳು ಒಂದೇ ಗಿಡದಲ್ಲಿ ಸೇರಿದಾಗ, ಅಂದರೆ ಎರಡನೆಯ ಪೀಳಿಗೆಯಲ್ಲಿ, ಹೊರಬೀಳುತ್ತವೆ. ಆ ತಾಕಿನಲ್ಲಿ ಮೊಳಕೆಯೊಡೆದ ಕೆಲವೇ ದಿನಗಳಲ್ಲಿ ಹಸಿರು ಸಾಲುಗಳ ನಡುವೆ ಸುಣ್ಣ ಬಳಿದಂಥ ಬಿಳಿ ಸಸಿಗಳೂ ನಿಂಬೆಬಣ್ಣದ ಸಸಿಗಳೂ ಕಾಣಿಸುತ್ತವೆ. ಪತ್ರಹರಿತ್ತಿಲ್ಲದ ಬಿಳಿ ಸಸಿ ಬೀಜದಳದಲ್ಲಿರುವ ಬುತ್ತಿ ಮುಗಿಯುವ ತನಕ ಬದುಕಿ ಬಾಡಿಹೋಗುತ್ತದೆ. ಅವುಗಳನ್ನು ನಾವು ಎಣಿಸಿ ಬರೆದಿಡುತ್ತೇವೆ, ಏಕೆಂದರೆ ಕಿರಣದ ಪ್ರಮಾಣ ತಾಗಿದೆಯೇ ಇಲ್ಲವೇ ಎಂಬುದಕ್ಕೆ ಅವೇ ಸಾಕ್ಷಿ. ಆಮೇಲೆ ಸಾವಿರಾರು ಗಿಡಗಳನ್ನು ಒಂದೊಂದಾಗಿ ನೋಡುತ್ತಾ ಹೋಗಬೇಕು. ಕುಳ್ಳು ಗಿಡ, ಬಂಜೆ ಗಿಡ, ಎಲೆ ಸೀಳಿದ ಗಿಡ ಎಂದು ನಿರುಪಯೋಗಿಗಳೇ ಹೆಚ್ಚು. ಕಾಳು ಸ್ವಲ್ಪ ದಪ್ಪ, ಅಥವಾ ಕಾಯೆಲ್ಲ ಒಟ್ಟಿಗೆ ಮಾಗುತ್ತದೆ ಎಂಬಂಥ ಗಿಡ ಸಿಕ್ಕರೆ ಆ ಹಂಗಾಮು ಸಾರ್ಥಕವಾಯಿತೆಂದು ನಾವು ಚಹಾ ಕುಡಿಯುತ್ತಿದ್ದೆವು.

ಇಷ್ಟು ಸುತ್ತುಬಳಸಿನ ದಾರಿ ಏಕೆ ಎಂದು ನೀವು ಕೇಳಬಹುದು. ಉದ್ದು, ಹೆಸರು ಕಾಳುಗಳ ಹೂವು ಅರಳುವ ಮೊದಲೇ ತನ್ನೊಳಗೆ ತಾನು ಪರಾಗಸ್ಪರ್ಶ ಮುಗಿಸಿಕೊಳ್ಳುವ ಸ್ವಭಾವದ್ದು. ಅಡ್ಡಹಾಯಿಸಬೇಕಾದರೆ ಹಿಂದಿನ ಸಂಜೆಯೇ ಬಲಿತ ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದು, ಚಿಮಟದ ತುದಿಯಿಂದ ದಳ ಬಿಡಿಸಿ, ಶಲಾಕೆಗೆ ಗಾಯವಾಗದಂತೆ ಒಳಗಿನ ಹತ್ತು ಕೇಸರಗಳನ್ನೂ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಸವರಿ, ದಾರದಲ್ಲಿ ಚೀಟಿ ಕಟ್ಟಬೇಕು. ಹೀಗೆ ಕಟ್ಟಿದ ಚೀಟಿಗಳಲ್ಲಿ ಬಹಳಷ್ಟು ಮೊಗ್ಗಿನೊಂದಿಗೇ ನೆಲಕ್ಕೆ ಬೀಳುತ್ತವೆ. ಅಲ್ಲದೆ ಅಡ್ಡಹಾಯಿಸುವ ತಳಿಗಳೆಲ್ಲ ಹತ್ತಿರದ ಬಂಧುಗಳೇ ಆದರೆ ಹೊಸ ಗುಣ ಬರುವುದೆಲ್ಲಿಂದ? ಆ ಕೊರತೆ ತುಂಬಲು ವಿಕಿರಣದ ಮೊರೆಹೋದರು.

ರೈತನಿಗೆ ಇದರಿಂದ ಆಗಿರುವ ದೊಡ್ಡ ಉಪಕಾರ ರೋಗನಿರೋಧದ್ದು. ಬಿಳಿ ನೊಣ ಹರಡುವ ಹಳದಿ ನಂಜಾಣು ರೋಗ ತಗುಲಿದರೆ ಉದ್ದಿನ ಹೊಲ ದೂರದಿಂದ ಸಾಸಿವೆ ಹೂಬಿಟ್ಟಂತೆ ಕಾಣುತ್ತದೆ, ಹತ್ತಿರ ಹೋದರೆ ಕಾಯಿಯೇ ಇರುವುದಿಲ್ಲ. ಅದನ್ನು ತಡೆಯುವ ಟಿಯು 94-2 ಟ್ರಾಂಬೆಯಿಂದ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಿಗೆ ಬಂದ ತಳಿ. ಇತ್ತೀಚಿನ ದಾರಿ ಬೇರೆ. ತೊಗರಿಯ ಜೀನೋಮ್, ಅಂದರೆ ವಂಶವಾಹಿಗಳ ಪೂರ್ಣ ನಕ್ಷೆ, 2012ರಲ್ಲಿ, ಕಡಲೆಯದು 2013ರಲ್ಲಿ ಪ್ರಕಟವಾದ ಮೇಲೆ, ಬೇಕಾದ ವಂಶವಾಹಿ ಸಸಿಯಲ್ಲಿ ಇದೆಯೇ ಎಂಬುದನ್ನು ಎಲೆಯ ತುಣುಕಿನ ಡಿಎನ್‌ಎ ನೋಡಿಯೇ ಹೇಳುವುದು ಇನ್ನಷ್ಟು ಸುಲಭವಾಗಿದೆ. ನಮ್ಮ ಕಡೆಯ ಹಳೆಯ ಅಣ್ಣಿಗೇರಿ-1 ಕಡಲೆ, ಗಿಡವನ್ನು ಬಾಡಿಸಿ ಒಣಗಿಸುವ ಸಿಡಿ ರೋಗಕ್ಕೆ ಸೋಲುತ್ತಿತ್ತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಡಬ್ಲ್ಯುಆರ್ 315 ಎಂಬ ಕಡಲೆಯಿಂದ ನಿರೋಧಕ ಗುಣವನ್ನು ಅದಕ್ಕೆ ತಂದು, ಮತ್ತೆ ಮತ್ತೆ ಅಣ್ಣಿಗೇರಿಗೇ ಅಡ್ಡಹಾಯಿಸಿ, ಸೂಪರ್ ಅಣ್ಣಿಗೇರಿ-1 ಎಂದು ಹೊರತಂದವು. ಇದು ಕುಲಾಂತರಿಯಲ್ಲ, ಕಡಲೆಗೆ ಕಡಲೆಯದೇ ವಂಶವಾಹಿ.

ಇನ್ನು ಸತ್ವದ ಪ್ರಶ್ನೆ. ಟಿಎಯು-1ರ ಹೆಗ್ಗಳಿಕೆ ದಪ್ಪ ಕಾಳು ಮತ್ತು ಇಳುವರಿ. ಟ್ರಾಂಬೆಯ ಉದ್ದು ಎಂಬ ಮಾತ್ರಕ್ಕೆ ಪ್ರೋಟೀನ್ ಹೆಚ್ಚೆಂದು ತಿಳಿಯಬೇಡಿ. ತಳಿ ಯಾವುದಕ್ಕಾಗಿ ಆರಿಸಲ್ಪಟ್ಟಿತೋ ಅದನ್ನೇ ಕೊಡುತ್ತದೆ. ತೊಗರಿಯನ್ನು ಅದರ ಕಾಡು ಬಂಧುಗಳೊಂದಿಗೆ ಅಡ್ಡಹಾಯಿಸಿ ಪ್ರೋಟೀನ್ ಹೆಚ್ಚಿಸಿದ ಸಾಲುಗಳು ಇಕ್ರಿಸ್ಯಾಟ್‌ನಲ್ಲಿ ಹಿಂದೆಯೇ ಸಿದ್ಧವಾಗಿದ್ದವು. ಆದರೆ ಮಂಡಿಯಲ್ಲಿ ತೂಕಕ್ಕೆ ಬೆಲೆಯೇ ಹೊರತು ಪ್ರೋಟೀನಿಗಲ್ಲ, ಹೀಗಿರುವಾಗ ರೈತ ಅದನ್ನೇಕೆ ಬಿತ್ತಬೇಕು?

ಕಬ್ಬಿಣಕ್ಕಾಗಿಯೇ ಆರಿಸಿದ್ದು ಮಸೂರ. ಪೂಸಾ ಅಗೇತಿ ಮಸೂರ ಎಂಬ ತಳಿಯಲ್ಲಿ ಕಿಲೋಗೆ 65 ಮಿಲಿಗ್ರಾಂ ಕಬ್ಬಿಣವಿದೆ, ಸಾಮಾನ್ಯ ತಳಿಗಳಲ್ಲಿ 45ರಿಂದ 50. ಕೇಳಲು ದೊಡ್ಡದು, ಆದರೆ ತಟ್ಟೆಗೆ ಲೆಕ್ಕ ಹಾಕಿ ನೋಡಿ: ಒಬ್ಬರ ಪಾಲಿಗೆ 30 ಗ್ರಾಂ ಬೇಳೆ ಹಿಡಿದರೆ ವ್ಯತ್ಯಾಸ ಹೆಚ್ಚೂಕಡಿಮೆ ಅರ್ಧ ಮಿಲಿಗ್ರಾಂ, ಅದರಲ್ಲೂ ಮೈಗೆ ಹತ್ತುವುದು ಒಂದು ಪಾಲು ಮಾತ್ರ, ಏಕೆಂದರೆ ಬೇಳೆಯಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ದಿನವೂ ಮಸೂರವನ್ನೇ ಉಣ್ಣುವ ಬಡ ಕುಟುಂಬಕ್ಕೆ ಅದೂ ಬೇಕು, ಅಲ್ಲಗಳೆಯುವುದಿಲ್ಲ. ಆದರೆ ವಾರಕ್ಕೆ ನಾಲ್ಕು ಬಗೆಯ ಬೇಳೆ ಬೇಯಿಸುವ ನಿಮ್ಮಂಥ ಮನೆಗೆ, ಹಿಟ್ಟು ರಾತ್ರಿಯಿಡೀ ಹುದುಗುವಾಗ ಫೈಟಿಕ್ ಆಮ್ಲ ಇಳಿಯುವುದು, ಮೊಳಕೆ ಬಂದ ಮಡಿಕೆ ಕಾಳಿನ ಉಸಳಿಗೆ ನಿಂಬೆರಸ ಹಿಂಡುವುದು ತಳಿಯ ಹೆಸರಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಅಕ್ಕಿಯಲ್ಲಿ ಕಡಿಮೆಯಿರುವ, ಪ್ರೋಟೀನಿನ ಒಂದು ಘಟಕವಾದ ಲೈಸಿನ್ ಉದ್ದಿನಲ್ಲಿ ಹೇರಳವಾಗಿರುವುದರಿಂದ ನೀವು ನಿಲ್ಲಿಸಿದ ಆ ಇಡ್ಲಿಯೇ ಮಗುವಿಗೆ ಒಳ್ಳೆಯ ಪ್ರೋಟೀನ್.

ಅಂಗಡಿಯಲ್ಲಿ ತಳಿಯ ಹೆಸರು ಕೇಳಿ ಪ್ರಯೋಜನವಿಲ್ಲ. ಬೇರೆಬೇರೆ ಊರುಗಳಿಂದ ಬಂದ ಉದ್ದು ಗಿರಣಿಯಲ್ಲೇ ಒಂದಾಗಿ, ನವಿ ಮುಂಬಯಿಯ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಕಾಳಿನ ಗಾತ್ರ, ಬಣ್ಣ, ಪಾಲಿಶ್ ನೋಡಿ ಬೇರ್ಪಡುತ್ತದೆ. ಅಂಗಡಿಯವರು ಟ್ರಾಂಬೆಯ ಹೆಸರು ಹೇಳಿದ್ದು ಊಹೆಯಿಂದಲೇ ಇರಬೇಕು. ಒಡೆದು ಬೇಳೆಯಾದ ಮೇಲೆ ಅದು ಯಾವ ತಳಿ ಎಂದು ಕಣ್ಣಳತೆಯಲ್ಲಿ ಹೇಳಲು ನನಗೂ ಆಗುವುದಿಲ್ಲ.