ಸುಳ್ಳು ಅನುಭವಕ್ಕಾಗಿ ನಾನು ಅಳಿಸಿಹಾಕಿದ ನಾಲ್ಕು ತಿಂಗಳು

ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಕೆಲಸ ಸಿಗದೆ ಕುಳಿತಿರುವ ನೀವು ಎಂ.ಟೆಕ್ ಸೇರುವುದೋ, ಸರ್ಕಾರಿ ಪರೀಕ್ಷೆಗೆ ಓದುವುದೋ, ಇಲ್ಲವೇ ಒಂದೂವರೆ ಲಕ್ಷ ಕೊಟ್ಟರೆ ಮೂರು ವರ್ಷದ ಅನುಭವ ತೋರಿಸಿ ಸಾಫ್ಟ್‌ವೇರ್ ಕೆಲಸ ಕೊಡಿಸುತ್ತೇವೆ ಎನ್ನುವ ಬೆಂಗಳೂರಿನ ಕನ್ಸಲ್ಟೆನ್ಸಿಯ ಮಾತಿಗೆ ಒಪ್ಪುವುದೋ ಎಂದು ಕೇಳಿದ್ದೀರಿ. ಮೂರನೆಯದನ್ನು ನಾನು ಮಾಡಿ ನೋಡಿದ್ದೇನೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ನಿಮ್ಮ ಊರಿನಲ್ಲಿಯೇ, ಕಲಬುರಗಿಯನ್ನು ಇನ್ನೂ ಗುಲಬರ್ಗಾ ಎಂದು ಬರೆಯುತ್ತಿದ್ದ ಕಾಲದಲ್ಲಿ, 2009ರಲ್ಲಿ ಸಿವಿಲ್ ಬಿ.ಇ. ಮುಗಿಸಿದೆ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಎನ್ನುವ ದೊಡ್ಡ ಹೂಡಿಕೆ ಬ್ಯಾಂಕ್ ದಿವಾಳಿಯಾಗಿತ್ತು. ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಸಾಫ್ಟ್‌ವೇರ್ ಕಂಪನಿಯ ಲೆಕ್ಕಪತ್ರದ ವಂಚನೆ ಹೊರಬಿದ್ದಿತ್ತು. ನಮ್ಮ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಾದ್ದರಿಂದ ಆ ಸುದ್ದಿ ನೇರವಾಗಿ ನಮ್ಮ ಮನೆಗಳೊಳಕ್ಕೆ ಬಂತು. ನಮಗಿಂತ ಒಂದು ವರ್ಷ ಮುಂದಿದ್ದವರು ಆಫರ್ ಲೆಟರ್ ಕೈಯಲ್ಲಿಟ್ಟುಕೊಂಡು ಸೇರುವ ದಿನಾಂಕಕ್ಕಾಗಿ ಕಾಯುತ್ತಿದ್ದರು. ನಮ್ಮನ್ನು ಕೇಳುವವರೇ ಇರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಮಹಾಪೂರ ಬಂತು. ಭೀಮೆಯ ದಂಡೆಯ ಊರುಗಳಲ್ಲಿ ಮನೆಗಳು ಕುಸಿದವು. ಸಂತ್ರಸ್ತರಿಗೆ ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಕೊಡಲು ಸರ್ಕಾರ ‘ಆಸರೆ’ ಯೋಜನೆಯನ್ನು ತಂದಿತು. ಅಂತಹ ಒಂದು ಬಡಾವಣೆಯ ಕೆಲಸ ಹಿಡಿದಿದ್ದ ಗುತ್ತಿಗೆದಾರರೊಬ್ಬರು 2010ರ ಜನವರಿಯಲ್ಲಿ ನನ್ನನ್ನು ತಿಂಗಳಿಗೆ 4,500 ರೂಪಾಯಿಗೆ ಸೈಟ್ ಮೇಲ್ವಿಚಾರಕನಾಗಿ ಇಟ್ಟುಕೊಂಡರು.

ಕಾಲೇಜಿನ ನಾಲ್ಕು ವರ್ಷಗಳಲ್ಲಿ ಅರ್ಥವಾಗದೆ ಉಳಿದಿದ್ದ ಎಷ್ಟೋ ವಿಷಯ ನನಗೆ ಅಲ್ಲಿ ಅರ್ಥವಾಯಿತು. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೆಯೇ ಅಡಿಪಾಯ ಹಾಕಿದರೆ ಗೋಡೆ ಸೀಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಎರೆಯನ್ನು ಎಷ್ಟು ಆಳದವರೆಗೆ ತೆಗೆಯಬೇಕು, ಅದರ ಬದಲು ತುಂಬಿದ ಮೊರಂ (ಗರಸು ಮಣ್ಣು) ಸರಿಯಾಗಿ ಕುಳಿತಿದೆಯೇ ಎಂದು ಹೇಗೆ ತಿಳಿಯಬೇಕು ಎನ್ನುವುದನ್ನು ನನಗೆ ಕಲಿಸಿದವರು ಅರವತ್ತು ದಾಟಿದ ಒಬ್ಬ ಗೌಂಡಿ. ಅವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇಪ್ಪತ್ತು ಮನೆಗಳ ಮಟ್ಟವನ್ನು ಒಂದೇ ಬೆಳಗಿನಲ್ಲಿ ತೆಗೆದುದನ್ನು ನಾನು ಇಂದಿಗೂ ಮರೆತಿಲ್ಲ. ಕಾಂಕ್ರೀಟಿನ ಘನಗಳನ್ನು ಎರಕ ಹೊಯ್ದು 7ನೇ ದಿನ ಮತ್ತು 28ನೇ ದಿನ ಪರೀಕ್ಷೆಗೆ ಕಳುಹಿಸುವುದು, ಸಾಯಂಕಾಲ ಸಿಮೆಂಟ್ ಚೀಲಗಳ ಲೆಕ್ಕ ಬರೆಯುವುದು, ಅಳತೆ ಪುಸ್ತಕದಲ್ಲಿ ಒಂದೊಂದು ಕೋಣೆಯ ಉದ್ದಗಲ ದಾಖಲಿಸುವುದು, ಇವೆಲ್ಲ ನನ್ನ ಕೆಲಸವಾಗಿತ್ತು.

ಮೇ ತಿಂಗಳಿನಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ನಾನು ಆ ಕೆಲಸ ಬಿಟ್ಟೆ. ಬಿಸಿಲು ನೆಪ ಮಾತ್ರ. ಇಂಜಿನಿಯರ್ ಆಗಿಯೂ ಗೌಂಡಿಗಳ ಜೊತೆ ಧೂಳು ಕುಡಿಯುತ್ತಾನೆ ಎಂದು ಸಂಬಂಧಿಕರು ಮದುವೆ ಮನೆಗಳಲ್ಲಿ ಆಡಿಕೊಳ್ಳುತ್ತಿದ್ದ ಮಾತು ನನಗೆ ಸಹಿಸಲಾಗಲಿಲ್ಲ. ಜೂನ್‌ನಲ್ಲಿ ಹೈದರಾಬಾದಿನ ಅಮೀರ್‌ಪೇಟೆಗೆ ಹೋಗಿ, ಕೋಣೆಯೊಂದರಲ್ಲಿ ಐದು ಮಂದಿ ಸೇರಿಕೊಂಡು, ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ ಹಣ ಕಟ್ಟಿದೆ. ಕೋರ್ಸ್ ಮುಗಿಯಿತು, ಹೊಸಬರಿಗೆ ಕೆಲಸ ಮಾತ್ರ ಇರಲಿಲ್ಲ. ಹೋದಲ್ಲೆಲ್ಲ ಅನುಭವ ಎಷ್ಟು ಎಂದೇ ಕೇಳುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಒಂದು ಕನ್ಸಲ್ಟೆನ್ಸಿಯವರು 60,000 ರೂಪಾಯಿಗೆ ಒಂದೂವರೆ ವರ್ಷದ ಅನುಭವ ಸಿದ್ಧ ಮಾಡಿಕೊಡುವುದಾಗಿ ಹೇಳಿದರು. ಅಪ್ಪ ಊರಿನ ನೆಹರೂ ಗಂಜ್ ಮಾರುಕಟ್ಟೆಯ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಮುಂದಿನ ವರ್ಷದ ತೊಗರಿಯ ಮೇಲೆ ಸಾಲ ಎತ್ತಿ ಆ ಹಣ ಕಳುಹಿಸಿದರು. ಅದು ಕೋರ್ಸಿನ ಶುಲ್ಕ ಎಂದು ನಾನು ಅವರಿಗೆ ಹೇಳಿದ್ದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅದು ಬರೀ ಸುಳ್ಳು ಕಾಗದ ಕೊಂಡ ತಪ್ಪು ಎಂದು ಕಾಣುತ್ತದೆ. ಅವರು ನನಗೆ 2009ರ ಜುಲೈಯಿಂದ 2010ರ ಡಿಸೆಂಬರಿನವರೆಗೆ ಒಂದು ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್ ಆಗಿದ್ದೆ ಎನ್ನುವ ನೇಮಕಾತಿ ಪತ್ರ, ಹದಿನೆಂಟು ಸಂಬಳ ಚೀಟಿ ಮತ್ತು ಬಿಡುಗಡೆ ಪತ್ರ ಕೊಟ್ಟರು. ಆ ಹದಿನೆಂಟು ತಿಂಗಳ ನಡುವೆ ನನ್ನ ನಿಜವಾದ ನಾಲ್ಕು ತಿಂಗಳು, ಭೀಮೆಯ ದಂಡೆಯ ನಾಲ್ಕು ತಿಂಗಳು, ಅಡ್ಡ ಬರುತ್ತಿತ್ತು. ಒಬ್ಬನೇ ವ್ಯಕ್ತಿ 2010ರ ಮಾರ್ಚಿನಲ್ಲಿ ಅಫಜಲಪುರದ ಕಡೆ ಮನೆ ಕಟ್ಟಿಸುತ್ತಾ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತಿರಲು ಸಾಧ್ಯವಿಲ್ಲವಲ್ಲ. ಆ ಸಿವಿಲ್ ಕೆಲಸ ತೆಗೆದುಬಿಡಿ, ನೋಡಿದವರಿಗೆ ಅನುಮಾನ ಬರುತ್ತದೆ ಎಂದು ಅವರು ಹೇಳಿದರು. ನಾನು ಬಯೋಡೇಟಾದಿಂದ ಆ ಸಾಲನ್ನು ನನ್ನ ಕೈಯಾರೆ ಅಳಿಸಿದೆ. ನನ್ನ ಬಳಿ ಇದ್ದ ಒಂದೇ ಒಂದು ನಿಜವಾದ ಅನುಭವವನ್ನು ಸುಳ್ಳು ಅನುಭವಕ್ಕೆ ಜಾಗ ಮಾಡಿಕೊಡಲು ಕಿತ್ತುಹಾಕಿದೆ. ಹೊಸಬ ಎಂದು ಹೇಳಿಕೊಳ್ಳುವ ಹಕ್ಕೂ ಹೋಯಿತು, ಸೈಟಿನಲ್ಲಿ ದುಡಿದವನು ಎಂದು ಹೇಳಿಕೊಳ್ಳುವ ಹಕ್ಕೂ ಹೋಯಿತು.

2011ರ ಮಾರ್ಚಿನಲ್ಲಿ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಂದೆ. ಜುಲೈನಲ್ಲಿ ಹಿನ್ನೆಲೆ ಪರಿಶೀಲನೆಯವರು ನನ್ನ ಹಿಂದಿನ ಹದಿನೆಂಟು ತಿಂಗಳ ಬ್ಯಾಂಕ್ ವಿವರ ಕೇಳಿದರು. ಸಂಬಳ ನಗದಾಗಿ ಕೊಡುತ್ತಿದ್ದರು ಎಂದು ಹೇಳುವಂತೆ ಕನ್ಸಲ್ಟೆನ್ಸಿಯವರು ಕಲಿಸಿಕೊಟ್ಟಿದ್ದರು. ನಾನು ಹಾಗೆಯೇ ಹೇಳಿದೆ. ಎದುರಿಗೆ ಕುಳಿತಿದ್ದ ಮಹಿಳೆ ಏನೂ ಮಾತನಾಡದೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ಸಿಲಿನ ತುದಿಯಿಂದ ಮೂರು ಸಾಲುಗಳನ್ನು ತೋರಿಸಿದರು. ಫೆಬ್ರವರಿ, ಮಾರ್ಚ್, ಏಪ್ರಿಲ್, ಪ್ರತಿ ತಿಂಗಳೂ 4,500 ರೂಪಾಯಿಯ ಚೆಕ್, ಮುಂದೆ ಆ ಗುತ್ತಿಗೆದಾರರ ಹೆಸರು. ಇವರು ಯಾರು ಎಂದು ಕೇಳಿದರು. ಸಾಲ ಹಿಂದಿರುಗಿಸಿದ ಪರಿಚಯದವರು ಎಂದೆ. ನನಗೆ ದಿನವೂ ಮಧ್ಯಾಹ್ನ ತಮ್ಮ ಬುತ್ತಿಯಿಂದ ಜೋಳದ ರೊಟ್ಟಿ ಹಂಚಿಕೊಡುತ್ತಿದ್ದ ಮನುಷ್ಯನನ್ನು ಹಾಗೆಂದೆ. ಅದೇ ಸಂಜೆ ನನ್ನ ಗುರುತಿನ ಚೀಟಿ ಹಿಂದಕ್ಕೆ ಪಡೆದರು. ಬಿಡುಗಡೆ ಪತ್ರ ಕೊಡಲಿಲ್ಲ, ಹೀಗಾಗಿ ಅಲ್ಲಿ ನಿಜವಾಗಿ ದುಡಿದ ನಾಲ್ಕು ತಿಂಗಳೂ ಲೆಕ್ಕಕ್ಕೆ ಬರಲಿಲ್ಲ.

ಅಂದಿಗಿಂತ ಇಂದು ಪತ್ತೆ ಹಚ್ಚುವುದು ಇನ್ನೂ ಸುಲಭ ಎನ್ನುವುದನ್ನು ನೀವು ಗಮನಿಸಬೇಕು. 2014ರಿಂದ ಭವಿಷ್ಯ ನಿಧಿಗೆ 12 ಅಂಕಿಗಳ ಯುಎಎನ್ ಸಂಖ್ಯೆ ಬಂದಿದೆ; ಯಾವ ಸಂಸ್ಥೆ ಯಾವ ತಿಂಗಳಿನಿಂದ ನಿಮ್ಮ ಹೆಸರಿಗೆ ಹಣ ಕಟ್ಟಿದೆ ಎನ್ನುವುದು ಅದರಲ್ಲಿ ಕಾಣುತ್ತದೆ. ಸಂಬಳದಿಂದ ಆದಾಯ ತೆರಿಗೆ ಕಡಿತವಾಗಿದ್ದರೆ ಅದು ಪಾನ್ ಸಂಖ್ಯೆಯ ಮೂಲಕ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಸಿಗುತ್ತದೆ. ಮೂರು ವರ್ಷದ ಅನುಭವ ಇದೆ ಎನ್ನುವವರ ಹೆಸರಿನಲ್ಲಿ ಇವೆರಡೂ ಖಾಲಿ ಇದ್ದರೆ ಮುಂದೆ ಕೇಳುವುದೇನೂ ಉಳಿಯುವುದಿಲ್ಲ. ನೀವು ಪದವಿ ಪಡೆದದ್ದು 2024ರಲ್ಲಿ. ಮೂರು ವರ್ಷದ ಅನುಭವ ಎಂದು ಅವರು ಬರೆದರೆ ಅದು ನೀವು ಕಾಲೇಜಿನಲ್ಲಿ ಆಂತರಿಕ ಪರೀಕ್ಷೆ ಬರೆಯುತ್ತಿದ್ದ ದಿನಗಳ ಮೇಲೆಯೇ ಕುಳಿತಿರುತ್ತದೆ. ಖೋಟಾ ದಾಖಲೆ ಸಲ್ಲಿಸುವುದು ಕಾನೂನಿನ ಪ್ರಕಾರ ಅಪರಾಧ, ಮತ್ತು ಅದನ್ನು ಲಗತ್ತಿಸಿದ ಅರ್ಜಿಯ ಕೆಳಗೆ ಸಹಿ ಇರುವುದು ನಿಮ್ಮದು, ಕನ್ಸಲ್ಟೆನ್ಸಿಯವರದ್ದಲ್ಲ.

ಆ ಕೆಲಸ ಹೋದ ಮೇಲೆ, 2011ರ ಆಗಸ್ಟಿನಲ್ಲಿ ನಾನು ಊರಿಗೆ ಮರಳಿ ಅದೇ ಗುತ್ತಿಗೆದಾರರ ಮುಂದೆ ನಿಂತೆ. ನನ್ನ ಜೊತೆ 2010ರಲ್ಲಿ ಸೈಟಿನಲ್ಲಿದ್ದ ಡಿಪ್ಲೊಮಾ ಹುಡುಗ ಅಷ್ಟರಲ್ಲಿ ಬಿಲ್ಲಿಂಗ್ ಕಲಿತು ಕಚೇರಿಯ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಿದ್ದ. ನಾನು ಅವನ ಕೈಕೆಳಗೆ 6,000 ರೂಪಾಯಿಗೆ ಸೇರಿದೆ. ಆ ಹೊತ್ತಿಗೆ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಆಳಂದ ತಾಲ್ಲೂಕಿನ ಕಡಗಂಚಿಯ ಬಳಿ ಕಟ್ಟಡಗಳ ಕೆಲಸ ನಡೆಯುತ್ತಿತ್ತು. ಮುಂದೆ ಬೀದರ್-ಕಲಬುರಗಿ ರೈಲು ಮಾರ್ಗದ ಕೆಲಸದಲ್ಲಿ ಉಪಗುತ್ತಿಗೆದಾರರೊಬ್ಬರ ಬಳಿ ಎರಡು ವರ್ಷ ಇದ್ದೆ. ಮರಗುತ್ತಿಯ ಸುರಂಗವನ್ನು ಹತ್ತಿರದಿಂದ ನೋಡಿದೆ. 110 ಕಿಲೋಮೀಟರ್ ಉದ್ದದ ಆ ಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದಾಗ ಅಪ್ಪನನ್ನು ಕರೆದುಕೊಂಡು ಬೀದರ್‌ವರೆಗೆ ಹೋಗಿ ಬಂದೆ. ಅಡತಿಯ ಸಾಲ ತೀರಿದ್ದು 2014ರಲ್ಲಿ, ಬಡ್ಡಿ ಸೇರಿ ಅಸಲಿನ ಹತ್ತಿರ ಹತ್ತಿರ ಎರಡರಷ್ಟಾಗಿ.

ನಿಮ್ಮ ಪ್ರಶ್ನೆಯಲ್ಲಿ ಸಿವಿಲ್‌ನಲ್ಲಿ ಭವಿಷ್ಯವಿಲ್ಲ, ನಮ್ಮ ಭಾಗದಲ್ಲಿ ಕೆಲಸವೇ ಇಲ್ಲ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 2009ರಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ, ಮತ್ತು ಹಾಗೆ ಹೇಳುತ್ತಿದ್ದಾಗಲೇ ನನ್ನ ಜಿಲ್ಲೆಯಲ್ಲಿ ಸಾವಿರಾರು ಮನೆಗಳಿಗೆ ಅಡಿಪಾಯ ಬೀಳಬೇಕಾಗಿತ್ತು. ಇಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಶಾಲಾ ಕೋಣೆ, ರಸ್ತೆ, ಆಸ್ಪತ್ರೆಗಳ ಕೆಲಸ ಪ್ರತಿ ತಾಲ್ಲೂಕಿನಲ್ಲೂ ನಡೆಯುತ್ತದೆ. ಸೂರತ್-ಚೆನ್ನೈ ಹೆದ್ದಾರಿ ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದುಹೋಗುತ್ತದೆ, ಅದರ ಒಂದು ಭಾಗಕ್ಕೆ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿಯೇ ಶಂಕುಸ್ಥಾಪನೆ ಆಯಿತು. ಮೊದಲ ಎರಡು ವರ್ಷದ ಸಂಬಳ ನಿಜಕ್ಕೂ ಕಡಿಮೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಸಾಫ್ಟ್‌ವೇರ್ ಕಲಿಯುವುದೇ ತಪ್ಪು ಎಂದೂ ಹೇಳುತ್ತಿಲ್ಲ. ನಿಜವಾದ ಆಸಕ್ತಿ ಇದ್ದರೆ ಹೊಸಬನಾಗಿಯೇ ಹೋಗಿ, ಹೊಸಬನೆಂದೇ ಹೇಳಿಕೊಳ್ಳಿ.

ಎಂ.ಟೆಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು, ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನದೊಂದಿಗೆ ಒಳ್ಳೆಯ ಸಂಸ್ಥೆ ಸಿಕ್ಕರೆ ಹೋಗಿ. ಕೆಲಸ ಸಿಗಲಿಲ್ಲವೆಂದು ಶುಲ್ಕ ಕಟ್ಟಿ ಇನ್ನೆರಡು ವರ್ಷ ಕಾಲೇಜಿನಲ್ಲಿ ಕಳೆಯಬೇಡಿ.

ಸರ್ಕಾರಿ ಪರೀಕ್ಷೆಗೆ ಓದಿ, ಆದರೆ ಅದನ್ನೇ ಪೂರ್ತಿ ಸಮಯದ ಕೆಲಸ ಮಾಡಿಕೊಳ್ಳಬೇಡಿ. ಸಂವಿಧಾನದ 371(ಜೆ) ವಿಧಿಯಿಂದಾಗಿ ನಮ್ಮ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಬಿ ಹುದ್ದೆಗಳಿಗೆ ಶೇ 75, ಗ್ರೂಪ್ ಸಿ ಹುದ್ದೆಗಳಿಗೆ ಶೇ 80ರಷ್ಟು ನಮ್ಮವರಿಗೆ ಮೀಸಲಿದೆ. ಇದು ದೊಡ್ಡ ಅವಕಾಶ, ನನ್ನ ಕಾಲದಲ್ಲಿ ಇರಲಿಲ್ಲ. ಅದರ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಿ. ಅಧಿಸೂಚನೆ ಬಂದ ಮೇಲೆ ಓಡಾಡಿ, ಅರ್ಜಿಯ ಕೊನೆಯ ದಿನಾಂಕ ದಾಟಿದ ಪ್ರಮಾಣಪತ್ರ ತಂದು ಕಣ್ಣೀರು ಹಾಕಿದವರನ್ನು ನಾನು ಬಲ್ಲೆ. ಅಧಿಸೂಚನೆ ಯಾವ ವರ್ಷ ಬರುತ್ತದೆ ಎನ್ನುವುದು ಯಾರ ಕೈಯಲ್ಲೂ ಇಲ್ಲವಾದ್ದರಿಂದ, ಹಗಲು ಸೈಟಿನಲ್ಲಿ ಕಳೆದು ರಾತ್ರಿ ಎರಡು ಗಂಟೆಗಳ ಕಾಲ ಓದುವುದೇ ಸರಿ ಎಂದು ನನಗೆ ಅನಿಸುತ್ತದೆ.

ಈಗ ನಾನು ಒಂದು ನಿರ್ಮಾಣ ಕಂಪನಿಯಲ್ಲಿ ಬಿಲ್ಲಿಂಗ್ ವಿಭಾಗ ನೋಡಿಕೊಳ್ಳುತ್ತೇನೆ, ಹೊಸಬರ ಸಂದರ್ಶನವನ್ನೂ ಮಾಡುತ್ತೇನೆ. ನಾನು ಅಂಕಪಟ್ಟಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ಒಂದು ಅಡಿಪಾಯದ ನಕ್ಷೆ ಕೊಟ್ಟು, ಇದಕ್ಕೆ ಎಷ್ಟು ಕಬ್ಬಿಣ ಬೇಕು ಎಂದು ಕೇಳುತ್ತೇನೆ. ಸರಳಿನ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ, 12 ಮಿಲಿಮೀಟರ್ ಸರಳಿಗೆ ಸುಮಾರು 0.89 ಕಿಲೋ, ಇದನ್ನು ಸೈಟಿನಲ್ಲಿ ಒಂದು ವಾರ ಇದ್ದವರು ಬಾಯಲ್ಲೇ ಹೇಳುತ್ತಾರೆ, ಶೇ 80 ಅಂಕ ಪಡೆದ ಎಷ್ಟೋ ಮಂದಿ ಮೌನವಾಗಿರುತ್ತಾರೆ.

ಆದ್ದರಿಂದ ಆ ಒಂದೂವರೆ ಲಕ್ಷವನ್ನು ನಿಮ್ಮ ತಂದೆಯ ಬಳಿಯೇ ಇರಲು ಬಿಡಿ. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ ನಡೆಯುತ್ತಿರುವ ಸರ್ಕಾರಿ ಕಾಮಗಾರಿ ಯಾವುದು ಎಂದು ವಿಚಾರಿಸಿ, ಬೆಳಿಗ್ಗೆ ಏಳು ಗಂಟೆಗೆ, ಕಾಂಕ್ರೀಟ್ ಆರಂಭವಾಗುವ ಮೊದಲು, ಅಲ್ಲಿನ ಇಂಜಿನಿಯರನ್ನು ಭೇಟಿಯಾಗಿ. ಅವರು ಸಂಬಳ ಕಡಿಮೆ ಹೇಳಿದರೂ ಒಪ್ಪಿಕೊಳ್ಳಿ, ಆದರೆ ಅದನ್ನು ಬ್ಯಾಂಕ್ ಖಾತೆಗೇ ಹಾಕುವಂತೆ ಕೇಳಿ, ಅಳತೆ ಪುಸ್ತಕ ಬರೆಯುವ ಕೆಲಸ ನಿಮಗೇ ಕೊಡುವಂತೆ ಕೇಳಿ, ಮತ್ತು ಬಿಡುವ ದಿನ ಸೇರಿದ ದಿನಾಂಕ, ಬಿಟ್ಟ ದಿನಾಂಕ ಎರಡನ್ನೂ ಬರೆದ ಪತ್ರವನ್ನು ಕೇಳಿ ಪಡೆಯಿರಿ. ನನ್ನ ಗುತ್ತಿಗೆದಾರರು ಅಂತಹ ಪತ್ರವನ್ನು 2011ರಲ್ಲಿ, ನಾನು ಮರಳಿ ಬಂದ ಮೂರನೆಯ ದಿನ, ನಾನು ಕೇಳದೆಯೇ ಬರೆದುಕೊಟ್ಟರು. ಅದರಲ್ಲಿ ಜನವರಿಯಿಂದ ಮೇ ತನಕದ ಆ ನಾಲ್ಕು ತಿಂಗಳು ದಿನಾಂಕ ಸಮೇತ ಇತ್ತು.