ಗಾಲ್ಫ್‌ಗೆ ಕೈಯಲ್ಲಿ ಹಿಡಿಯುವ ಜಿಪಿಎಸ್: ಪುಟ್ಟದು ಸಾಕೇ, ದೊಡ್ಡದೇ ಬೇಕೇ?

ಪ್ರಶ್ನೆ: ನನಗೆ 62 ವರ್ಷ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ; ಕಡಿಮೆಯಿದ್ದಷ್ಟೂ ಒಳ್ಳೆಯ ಆಟಗಾರ) 20ರ ಆಸುಪಾಸು. ಕೈ ಸ್ವಲ್ಪ ನಡುಗುವುದರಿಂದ ಲೇಸರ್ ದೂರಮಾಪಕವನ್ನು ಕುಳಿಯ ಫ್ಲ್ಯಾಗ್ ಮೇಲೆ ನಿಲ್ಲಿಸಲಾಗುತ್ತಿಲ್ಲ. ವಾಚ್ ಕಟ್ಟಿಕೊಂಡು ಆಡಿದರೆ ಕಿರಿಕಿರಿ. ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳೋಣವೆಂದಿದ್ದೇನೆ. ಮೂರು ದೂರಗಳನ್ನಷ್ಟೇ ತೋರಿಸುವ ಪುಟ್ಟ ಸಾಧನ ಸಾಕೇ, ಇಡೀ ಹೋಲ್‌ನ ನಕ್ಷೆ ಬರುವ ದೊಡ್ಡದೇ ಬೇಕೇ? ಸ್ಪರ್ಧೆಯಲ್ಲಿ ಬಳಸಬಹುದೇ?

ಉತ್ತರ: ನಿಮ್ಮ ಕೈಗೆ ಜಿಪಿಎಸ್ಸೇ ಸರಿ. ಲೇಸರ್ ಅಳೆಯುವುದು ತನ್ನ ಕಿರಣ ಬಡಿದ ವಸ್ತುವಿನ ದೂರವನ್ನು. ಕೈ ಅಲುಗಿ ಅದು ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹಿಂದಿನ ಮರಕ್ಕೆ ಬಿತ್ತೆಂದರೆ ನಿಮಗೆ ಸಿಗುವುದು ಮರದ ದೂರ. ಜಿಪಿಎಸ್ ಮುಂದೆ ಏನನ್ನೂ ನೋಡುವುದಿಲ್ಲ. ನೀವು ನಿಂತ ಜಾಗವನ್ನು ಉಪಗ್ರಹಗಳಿಂದ ತಿಳಿದು, ತನ್ನೊಳಗಿನ ನಕ್ಷೆಯಲ್ಲಿರುವ ಗ್ರೀನ್‌ಗೆ ಎಷ್ಟು ದೂರವೆಂದು ಲೆಕ್ಕ ಹಾಕುತ್ತದೆ. ಹಾಗಾಗಿ ದಿಬ್ಬದ ಹಿಂದೆ ನಿಂತರೂ ಅಂಕಿ ಬರುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಆಗ 100 ಮೀಟರ್‌ವರೆಗೂ ತಪ್ಪಾಗುತ್ತಿತ್ತು. ಈಗ ತೆರೆದ ಆಕಾಶದ ಕೆಳಗೆ ತಪ್ಪು ಸಾಮಾನ್ಯವಾಗಿ 3ರಿಂದ 5 ಮೀಟರ್, ಅಂದರೆ ಒಂದು ಕ್ಲಬ್‌ಗೂ ಅದರ ಮುಂದಿನದಕ್ಕೂ ಚೆಂಡು ಹೋಗುವ ದೂರದಲ್ಲಿರುವ ವ್ಯತ್ಯಾಸಕ್ಕಿಂತ ಕಡಿಮೆ.

ಅಂದಮೇಲೆ ನೀವು ನಿಜಕ್ಕೂ ದುಡ್ಡು ಕೊಡುವುದು ನಕ್ಷೆಗೆ. ಗ್ರೀನ್ ಹೊಸದಾಗಿ ಕಟ್ಟಿದ್ದು, ನಕ್ಷೆ ಹಳೆಯದಾಗಿದ್ದರೆ ಉಪಗ್ರಹ ಎಷ್ಟು ನಿಖರವಾಗಿದ್ದರೇನು? ನೀವು ಆಡುವ ಕೋರ್ಸ್ ಕಂಪನಿಯ ಪಟ್ಟಿಯಲ್ಲಿದೆಯೇ, ನಕ್ಷೆ ಉಚಿತವಾಗಿ ನವೀಕರಣವಾಗುತ್ತದೆಯೇ, ವರ್ಷವರ್ಷವೂ ಚಂದಾ ಕಟ್ಟಬೇಕೇ ಎಂದು ಮೊದಲು ನೋಡಿ. ಚಂದಾ ಇದ್ದರೆ ಐದು ವರ್ಷದ್ದನ್ನು ಬೆಲೆಗೆ ಕೂಡಿಸಿ ಹೋಲಿಸಿ.

ಸಾಧನ ಕೈಗೆ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ಗ್ರೀನ್‌ನ ಮುಂದಿನ ಅಂಚಿನಲ್ಲಿ ನಿಂತು ಅರ್ಧ ನಿಮಿಷ ಕಾಯಿರಿ. ‘ಮುಂಭಾಗ’ದ ಅಂಕಿ ಸೊನ್ನೆಯ ಹತ್ತಿರ ಬರಬೇಕು. ಹಿಂದಿನ ಅಂಚಿಗೆ ನಡೆದು ಅಲ್ಲಿಯೂ ನೋಡಿ. ಮೂರ್ನಾಲ್ಕು ಹೋಲ್‌ಗಳಲ್ಲಿ ಹೀಗೆ ಮಾಡಿದರೆ ನಕ್ಷೆಯ ಯೋಗ್ಯತೆ ಗೊತ್ತಾಗುತ್ತದೆ. ನಾನೊಮ್ಮೆ ಈ ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಒಂದೇ ಹೋಲ್‌ನಲ್ಲಿ ಗ್ರೀನ್ ಮುಂದಿನ ಮರಳುಗುಂಡಿ ಬಂಕರ್‌ಗೆ ಬೀಳುತ್ತಿದ್ದೆ. ಸ್ವಿಂಗ್ ಕೆಟ್ಟಿದೆ ಎಂದುಕೊಂಡಿದ್ದೆ. ಕೊನೆಗೆ ಅಂಚಿನಲ್ಲಿ ನಿಂತು ನೋಡಿದರೆ ನಕ್ಷೆಯ ಗ್ರೀನ್ ನಿಜವಾದ ಅಂಚಿಗಿಂತ 12 ಯಾರ್ಡ್ ಮೊದಲೇ ಶುರುವಾಗಿತ್ತು.

ಪುಟ್ಟದೋ ದೊಡ್ಡದೋ? ಒಂದೆರಡು ಪರಿಚಿತ ಕೋರ್ಸ್‌ಗಳಲ್ಲೇ ಆಡುವವರಾದರೆ ಮುಂಭಾಗ, ಮಧ್ಯ, ಹಿಂಭಾಗ ಈ ಮೂರು ಅಂಕಿ ಸಾಕು. ಆದರೆ ಬಂಕರ್ ಮತ್ತು ನೀರನ್ನು ದಾಟಲು ಎಷ್ಟು ಬೇಕೆಂಬುದನ್ನೂ ತೋರಿಸುವಂಥದ್ದು ಕೊಳ್ಳಿ. ಮಧ್ಯದ ಅಂಕಿಯೊಂದನ್ನೇ ನೆಚ್ಚಬೇಡಿ. 30 ಯಾರ್ಡ್ ಆಳದ ಗ್ರೀನ್‌ನಲ್ಲಿ ಫ್ಲ್ಯಾಗ್ ಮುಂದಿದ್ದಾಗ ಬೇಕಾದ ಕ್ಲಬ್‌ಗಿಂತ, ಹಿಂದಿದ್ದಾಗ ಎರಡು-ಮೂರು ಕ್ಲಬ್ ದೊಡ್ಡದು ಬೇಕು. ಇವತ್ತು ಫ್ಲ್ಯಾಗ್ ಎಲ್ಲಿದೆ ಎಂದು ಸಾಧನಕ್ಕೆ ತಾನಾಗಿ ತಿಳಿಯದು. ಹೊಸ ಹೊಸ ಕೋರ್ಸ್‌ಗಳಿಗೆ ಹೋಗುವವರಿಗೆ ದೊಡ್ಡ ನಕ್ಷೆ ನಿಜಕ್ಕೂ ಉಪಯುಕ್ತ: ಪರದೆಯಲ್ಲಿ ಒಂದು ಕಡೆ ಮುಟ್ಟಿದರೆ ಅಲ್ಲಿಗೆಷ್ಟು, ಅಲ್ಲಿಂದ ಗ್ರೀನ್‌ಗೆಷ್ಟು ಎರಡೂ ಸಿಗುತ್ತವೆ. ಕೈ ನಡುಗುವ ನಿಮಗೆ ಮಾತ್ರ ಟಚ್ ಪರದೆಗಿಂತ ಗುಂಡಿಗಳೇ ವಾಸಿ. ಗ್ಲೌಸ್ ಹಾಕಿದ ಬೆರಳಿಗೂ ಅವು ಒಗ್ಗುತ್ತವೆ.

ಪರದೆಯನ್ನು ಅಂಗಡಿಯ ದೀಪದಡಿ ನೋಡಿ ತೀರ್ಮಾನಿಸಬೇಡಿ, ಬಿಸಿಲಿಗೆ ತಂದು ನೋಡಿ. ಬ್ಯಾಟರಿ ಎರಡು ಸುತ್ತಿಗಾದರೂ, ಅಂದರೆ ಹತ್ತು ಗಂಟೆ, ಬರಬೇಕು. ಯಾರ್ಡೋ ಮೀಟರೋ ಎಂಬುದನ್ನು ಮೊದಲೇ ಹೊಂದಿಸಿಕೊಳ್ಳಿ. 150 ಮೀಟರ್ ಎಂದರೆ 164 ಯಾರ್ಡ್.

ಸ್ಪರ್ಧೆಯಲ್ಲಿ ಬಳಸಬಹುದು. 2019ರಿಂದ ಗಾಲ್ಫ್ ನಿಯಮ 4.3ರ ಪ್ರಕಾರ ದೂರ ಅಳೆಯಲು ಅನುಮತಿಯಿದೆ, ಸ್ಥಳೀಯ ನಿಯಮ ನಿಷೇಧಿಸಿರದಿದ್ದರೆ. ಆದರೆ ಏರಿಳಿತ ಅಳೆಯುವುದು, ಗಾಳಿಯ ವೇಗ ಅಳೆಯುವುದು, ಚೆಂಡಿರುವ ಜಾಗ ನೋಡಿ ಯಾವ ಕ್ಲಬ್ ಎಂದು ಸಾಧನದಿಂದ ಸಲಹೆ ಪಡೆಯುವುದು ನಿಷಿದ್ಧ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಮೊದಲ ತಪ್ಪಿಗೆ ಎರಡು ಸ್ಟ್ರೋಕ್ ದಂಡ, ಎರಡನೆಯದಕ್ಕೆ ಅನರ್ಹತೆ. ಏರಿಳಿತ ಅಳೆಯುವ ಸ್ಲೋಪ್ ಸೌಲಭ್ಯವಿದ್ದರೆ ಮೊದಲ ಟೀಗೆ ಹೋಗುವ ಮುಂಚೆಯೇ ಆರಿಸಿಬಿಡಿ. ಅದಕ್ಕೆಂದೇ ಹೆಚ್ಚು ಹಣ ಕೊಡುವ ಅಗತ್ಯ ನಿಮಗಿದೆ ಎಂದು ನನಗಂತೂ ಅನಿಸುತ್ತಿಲ್ಲ.