ಎಲ್‌ಡ್ಯಾಪ್‌ಗೆ ಬದಲಾಯಿಸಿದ ಮೇಲೆ ಪ್ರೊಸಡಿಗೆ ಲಾಗಿನ್ ಆಗುತ್ತಿಲ್ಲ

ನಿಮ್ಮ ಚಾಟ್ ಸರ್ವರ್ ಪ್ರೊಸಡಿಯ ಲಾಗಿನ್ ಅನ್ನು ಎಲ್‌ಡ್ಯಾಪ್‌ಗೆ, ಅಂದರೆ ಎಲ್ಲರ ಖಾತೆಗಳನ್ನು ಒಂದೇ ಕಡೆ ಇಡುವ ಡೈರೆಕ್ಟರಿಗೆ, ಬದಲಾಯಿಸಿದ ಮೇಲೆ ಲಾಗಿನ್ ಆಗುತ್ತಿಲ್ಲ ಅಂತ ಕೇಳಿದ್ದೀರಿ. ತೊಂದರೆ ಇರುವುದು ಎಲ್‌ಡ್ಯಾಪ್‌ನಲ್ಲಲ್ಲ, ಕನೆಕ್ಷನ್ ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್‌ನಲ್ಲಿ ಅನ್ನಿಸುತ್ತದೆ. ಮೊದಲು ಸ್ಕ್ರ್ಯಾಮ್ ಅನ್ನುವ ಲಾಗಿನ್ ವಿಧಾನ ನಡೆಯುತ್ತಿತ್ತು, ಅದರಲ್ಲಿ ಪಾಸ್‌ವರ್ಡ್ ಸರ್ವರ್‌ಗೆ ಹೋಗುವುದೇ ಇಲ್ಲ. ಎಲ್‌ಡ್ಯಾಪ್ ಬೈಂಡ್‌ಗೆ, ಅಂದರೆ ಬಳಕೆದಾರರ ಹೆಸರಲ್ಲಿ ಎಲ್‌ಡ್ಯಾಪ್‌ಗೆ ಲಾಗಿನ್ ಆಗಿ ಪರೀಕ್ಷಿಸಲು, ಪಾಸ್‌ವರ್ಡೇ ಬೇಕು, ಹಾಗಾಗಿ ಪಾಸ್‌ವರ್ಡನ್ನು ಇದ್ದಂತೆಯೇ ಕಳಿಸುವ ಪ್ಲೇನ್ ವಿಧಾನ ಒಂದೇ ಉಳಿಯುತ್ತದೆ. ಎನ್‌ಕ್ರಿಪ್ಟ್ ಆಗದ ಕನೆಕ್ಷನ್‌ನಲ್ಲಿ ಪ್ರೊಸಡಿ ಪ್ಲೇನ್ ಕೊಡುವುದಿಲ್ಲ. ನಿಮ್ಮ ಕಾನ್ಫಿಗ್‌ನಲ್ಲಿ ಎನ್‌ಕ್ರಿಪ್ಶನ್ ಕಡ್ಡಾಯ ಮಾಡುವ ಸಾಲು ಫಾಲ್ಸ್ ಇದೆ ಅಂದಿರಲ್ವಾ, ಅದಕ್ಕೇ ಟಿಎಲ್‌ಎಸ್ ಕೆಟ್ಟಿದ್ದು ಇಷ್ಟು ದಿನ ಕಾಣಿಸಿಲ್ಲ.

ಎನ್‌ಕ್ರಿಪ್ಟ್ ಇಲ್ಲದೆಯೂ ಪ್ಲೇನ್ ಬಿಡುವ ಆಯ್ಕೆಯನ್ನು ಟ್ರೂ ಮಾಡಿ ಅಂತ ಯಾರೋ ಹೇಳಿದ್ದಾರಲ್ಲ, ದಯವಿಟ್ಟು ಬೇಡ. ಎಲ್ಲರ ಪಾಸ್‌ವರ್ಡೂ ದಾರಿಯಲ್ಲಿ ಬಯಲಾಗುತ್ತದೆ. ಅದೇ ಪಾಸ್‌ವರ್ಡ್ ಅವರ ಮೇಲ್‌ಗೂ ಇರಬಹುದು.

ಮೊದಲು ಸರ್ಟಿಫಿಕೇಟ್ ಪರೀಕ್ಷಿಸುವ 'ಪ್ರೊಸಡಿಸಿಟಿಎಲ್ ಚೆಕ್ ಸರ್ಟ್ಸ್' ಕಮಾಂಡ್ ಓಡಿಸಿ. ನನಗೆ ಹೀಗಾದಾಗ ಸರ್ಟಿಫಿಕೇಟ್ ಸರಿಯಾಗೇ ಇತ್ತು, ಅದರ ಪ್ರೈವೇಟ್ ಕೀ ಫೈಲ್ ಮಾತ್ರ ರೂಟ್ ಹೆಸರಲ್ಲಿತ್ತು, ಸರ್ವರ್ ಓಡುವ ಪ್ರೊಸಡಿ ಯೂಸರ್‌ಗೆ ಓದಲು ಆಗುತ್ತಿರಲಿಲ್ಲ. ನಿಮ್ಮದೂ ಅದೇನಾ ಅಂತ ಲಾಗ್ ನೋಡದೆ ಹೇಳಲಾರೆ. ಹಾಗಿದ್ದರೆ ಕೀಯ ಪರ್ಮಿಷನ್ ಸಡಿಲ ಮಾಡಬೇಡಿ. ಸರ್ಟಿಫಿಕೇಟ್, ಕೀ ಎರಡನ್ನೂ ಪ್ರೊಸಡಿ ಓದುವ ಜಾಗಕ್ಕೆ ತರುವ 'ಪ್ರೊಸಡಿಸಿಟಿಎಲ್ ಸರ್ಟ್ ಇಂಪೋರ್ಟ್' ಬಳಸಿ. ಆಮೇಲೆ ಎನ್‌ಕ್ರಿಪ್ಶನ್ ಕಡ್ಡಾಯ ಮಾಡುವ ಸಾಲನ್ನು ಟ್ರೂ ಮಾಡಿ, ರೀಸ್ಟಾರ್ಟ್ ಮಾಡಿ, ಒಂದು ಖಾತೆಯಿಂದ ಲಾಗಿನ್ ಆಗಿ ನೋಡಿ.

ಲಾಗಿನ್ ಆದ ಮೇಲೂ ಅರ್ಧ ದಾರಿ ಬಾಕಿ ಇದೆ. ಪ್ರೊಸಡಿಯಿಂದ ಎಲ್‌ಡ್ಯಾಪ್ ಸರ್ವರ್‌ಗೆ ಹೋಗುವ ಕನೆಕ್ಷನ್‌ಗೂ ಟಿಎಲ್‌ಎಸ್ ಆನ್ ಮಾಡಿ. ಎಲ್‌ಡ್ಯಾಪ್‌ನಲ್ಲಿ ಬಳಕೆದಾರರನ್ನು ಹುಡುಕಲು ಪ್ರೊಸಡಿಗೆ ಅಡ್ಮಿನ್ ಖಾತೆ ಕೊಡಬೇಡಿ, ಓದುವ ಹಕ್ಕು ಮಾತ್ರ ಇರುವ ಬೇರೆ ಖಾತೆ ಸಾಕು. ಅದರ ಪಾಸ್‌ವರ್ಡ್ ಕಾನ್ಫಿಗ್ ಫೈಲ್‌ನಲ್ಲೇ ಇರುತ್ತದೆ, ಆ ಫೈಲ್‌ಗೆ 640 ಪರ್ಮಿಷನ್ (ಒಡೆಯ ಓದಿ ಬರೆಯಬಹುದು, ಗ್ರೂಪ್ ಓದಬಹುದು, ಬೇರೆಯವರಿಗೆ ಏನೂ ಇಲ್ಲ) ಹಾಕಿ, ಗ್ರೂಪ್ ಪ್ರೊಸಡಿ ಇರಲಿ.